ಶುಕ್ರ, ಲೋಣಾರ್ ಮತ್ತು ನಿನ್ನ ಲೇಖನದ ಮೂರನೇ ಪುಟ

ಕೋಥ್ರೂಡ್, ಪುಣೆ

ಪ್ರೀತಿಯ ಮಗು,

ನಿನ್ನ ಲೇಖನ ಬಂದು ಹತ್ತು ದಿನ ಆಯಿತು. ಫೋನಿನಲ್ಲಿ ಓದಿದರೆ ನನಗೆ ಸಮಾಧಾನ ಆಗುವುದಿಲ್ಲ. ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಎರಡು ಸಲ ಓದಿದೆ. ನಿನ್ನ ಅಪ್ಪ ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಎಂಟಕ್ಕೆ ಮುಂಬಯಿ ಫೋರ್ಟಿನ ನಮ್ಮ ಕನ್ನಡ ರಾತ್ರಿಶಾಲೆಗೆ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಬೆರಳೆಲ್ಲ ನೀರಿನಲ್ಲಿ ನೆನೆದು ಸುಕ್ಕಾಗಿರುತ್ತಿತ್ತು. ಆ ಬೆರಳಿನಲ್ಲೇ ಅಕ್ಷರ ಕಲಿತ. ಅವನ ಮಗಳು ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಕನ್ನಡದಲ್ಲಿ ಗ್ರಹ ನಕ್ಷತ್ರದ ಬಗ್ಗೆ ಬರೆಯುತ್ತಾಳೆ ಅಂದರೆ ನನಗಾಗುವ ಸಂತೋಷ ಇಷ್ಟಿಷ್ಟಲ್ಲ. ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಚೆನ್ನಾಗಿದೆ. ಒಂದು ಅಕ್ಷರ ಮುಟ್ಟಬೇಡ. ಮನೋವೈದ್ಯ ಇಮ್ಯಾನುಯೆಲ್ ವೆಲಿಕೋವ್‌ಸ್ಕಿ ಅವರಿಗೆ ಆದ ಅನ್ಯಾಯವನ್ನು ಮನಸ್ಸಿಗೆ ತಟ್ಟುವ ಹಾಗೆ ಹೇಳಿದ್ದೀಯ. 1950ರಲ್ಲಿ ಅವರ ‘ವರ್ಲ್ಡ್ಸ್ ಇನ್ ಕೊಲಿಷನ್’ ಬಂತು. ಗುರು ಗ್ರಹದಿಂದ ಸಿಡಿದ ಧೂಮಕೇತುವೊಂದು ಕ್ರಿ.ಪೂ. 1500ರ ಸುಮಾರಿಗೆ ಭೂಮಿಯ ಪಕ್ಕದಲ್ಲೇ ಹಾದುಹೋಯಿತು, ಬೈಬಲಿನಲ್ಲಿ ಬರುವ ಈಜಿಪ್ಟಿನ ಪೀಡೆಗಳು, ಸಮುದ್ರ ಸೀಳಿದ್ದು ಎಲ್ಲ ಅದರ ಕೆಲಸ, ಆಮೇಲೆ ಅದೇ ಶುಕ್ರ ಗ್ರಹವಾಗಿ ನೆಲೆ ನಿಂತಿತು ಅಂತ ಅವರ ವಾದ. ಪುಸ್ತಕ ಅಂಗಡಿಗೆ ಬರುವ ಮೊದಲೇ ಹಾರ್ವರ್ಡ್‌ನ ಖಗೋಳವಿಜ್ಞಾನಿ ಹಾರ್ಲೋ ಶೇಪ್ಲಿ ಪ್ರಕಾಶಕರಾದ ಮ್ಯಾಕ್‌ಮಿಲನ್‌ಗೆ ಕಾಗದ ಬರೆದರು. ಅದು ಪಠ್ಯಪುಸ್ತಕ ಮಾರಿ ಬದುಕುವ ಕಂಪನಿ. ಪ್ರೊಫೆಸರುಗಳು ಮುನಿಸಿಕೊಂಡರೆ ವ್ಯಾಪಾರ ಹೋಯಿತು. ಬಿಸಿಬಿಸಿಯಾಗಿ ಮಾರಾಟ ಆಗುತ್ತಿದ್ದ ಪುಸ್ತಕವನ್ನು ಡಬಲ್‌ಡೇ ಕಂಪನಿಗೆ ಕೊಟ್ಟು ಕೈ ತೊಳೆದುಕೊಂಡರು. ಪುಸ್ತಕ ತಂದ ಸಂಪಾದಕ ಜೇಮ್ಸ್ ಪಟ್ನಮ್ ಕೆಲಸ ಹೋಯಿತು. ಒಳ್ಳೆಯ ಮಾತು ಬರೆದ ತಪ್ಪಿಗೆ ಹೇಡನ್ ತಾರಾಲಯದ ಗಾರ್ಡನ್ ಆಟ್‌ವಾಟರ್ ಕೆಲಸವೂ ಹೋಯಿತು. ಇದು ನಾಚಿಕೆಗೇಡು. ವೆಲಿಕೋವ್‌ಸ್ಕಿ ವಾದವನ್ನು ಒಂದೊಂದಾಗಿ ಬಿಡಿಸಿ ತಪ್ಪು ಅಂತ ತೋರಿಸಿದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಕೂಡ ಮುಂದೆ ಅದನ್ನೇ ಹೇಳಿದರು: ಆ ವಾದ ತಪ್ಪಾಗಿದ್ದಕ್ಕಿಂತ, ಅದರ ಬಾಯಿ ಮುಚ್ಚಿಸಲು ಹೊರಟದ್ದು ಜಾಸ್ತಿ ಕೆಟ್ಟದ್ದು ಅಂತ.

ಈಗ ಮೂರನೇ ಪುಟಕ್ಕೆ ಬರೋಣ. ‘ಇಷ್ಟೊಂದು ಹೆದರಿದರು ಅಂದರೆ ಅವರು ಹೇಳಿದ್ದು ನಿಜವೇ ಇರಬೇಕು, ಅಲ್ವಾ?’ ಅಂತ ಬರೆದಿದ್ದೀಯ. ಆ ಸಾಲಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ. ಅಲ್ಲ, ಮಗು. ಪೆಟ್ಟು ತಿಂದದ್ದು ಒಂದು ವಿಷಯ, ಹೇಳಿದ್ದು ಸರಿಯೋ ತಪ್ಪೋ ಅನ್ನುವುದು ಬೇರೆಯೇ ವಿಷಯ. ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೀಯ.

ಇದನ್ನು ನಾನು ನಿನ್ನ ತಪ್ಪು ಅಂತ ದೂರದಲ್ಲಿ ನಿಂತು ಹೇಳುತ್ತಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಇದನ್ನೇ ಬರೆದಿದ್ದೆ. ಒಂದು ದೀಪಾವಳಿ ವಿಶೇಷಾಂಕದಲ್ಲಿ ಅಚ್ಚಾಯಿತು. ತುಂಬ ಜನ ಹೊಗಳಿದರು. ವಾರ ಕಳೆದ ಮೇಲೆ ಒಂದು ಕಾರ್ಡು ಬಂತು, ಊರು ಹೆಸರು ಏನೂ ಇರಲಿಲ್ಲ. ‘ನೀವು ಪುಸ್ತಕ ಓದಿದ್ದೀರಿ, ಬೈದವರ ಬೈಗುಳ ಓದಿದ್ದೀರಿ. ಬೈಯದೆ ಉತ್ತರ ಕೊಟ್ಟವರದ್ದು ಓದಿದಿರಾ?’ ಅಷ್ಟೇ. ನಾನು ಓದಿರಲಿಲ್ಲ. ಆ ಕಾರ್ಡು ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಬರೆಯುವ ಮೊದಲು ಒಮ್ಮೊಮ್ಮೆ ತೆಗೆದು ನೋಡುತ್ತೇನೆ.

ಓದಿದ ಮೇಲೆ ಏನು ಕಂಡಿತು ಅಂತ ಹೇಳುತ್ತೇನೆ. ಶುಕ್ರ ಬಿಸಿಯಾಗಿರಬೇಕು ಅಂತ ವೆಲಿಕೋವ್‌ಸ್ಕಿ ಹೇಳಿದ್ದರು. 1962ರಲ್ಲಿ ಅಮೆರಿಕದ ನೌಕೆ ಮ್ಯಾರಿನರ್ 2 ಹೋಗಿ ನೋಡಿದಾಗ ಬಿಸಿಯೇ ಇತ್ತು. ನೀನು ಇದನ್ನು ದೊಡ್ಡ ಗೆಲುವು ಅಂತ ಬರೆದಿದ್ದೀಯ. ಆದರೆ ಅವರು ಕೊಟ್ಟ ಕಾರಣ ಏನು? ಶುಕ್ರ ಮೊನ್ನೆ ಮೊನ್ನೆ ಹುಟ್ಟಿದ್ದು, ಅದಕ್ಕೆ ಇನ್ನೂ ಆರಿಲ್ಲ ಅಂತ. ಶುಕ್ರದ ನೆಲ 460 ಡಿಗ್ರಿ ಕಾಯುವುದಕ್ಕೆ ಕಾರಣ ಅದರ ಗಾಳಿ. ನೂರಕ್ಕೆ 96 ಪಾಲು ಕಾರ್ಬನ್ ಡೈ ಆಕ್ಸೈಡ್. ಸೂರ್ಯನ ಶಾಖ ಒಳಗೆ ಬಂದರೆ ಹೊರಗೆ ಹೋಗಲು ಬಿಡುವುದಿಲ್ಲ. ಮೋಡದಲ್ಲಿ ಪೆಟ್ರೋಲಿನ ಜಾತಿಯ ವಸ್ತು ಇರುತ್ತೆ ಅಂದಿದ್ದರು, ಇದ್ದದ್ದು ಗಂಧಕದ ಆಮ್ಲ. ಕಾಗೆ ಕೂತಿತು, ಕೊಂಬೆ ಮುರಿಯಿತು. ಕೊಂಬೆ ಮುರಿದದ್ದನ್ನು ಬರೆಯುವವಳು ಹುಳ ಹಿಡಿದಿತ್ತಾ ಅಂತಲೂ ನೋಡಬೇಕು.

ಇನ್ನೊಂದು. ಭೂಮಿಯ ಮೇಲೆಲ್ಲ ಬೆಂಕಿ, ಧೂಳು, ಕಲ್ಲು ಸುರಿದಿದ್ದರೆ ಎಲ್ಲಾದರೂ ಗುರುತು ಉಳಿಯಬೇಕಲ್ಲ? ಗ್ರೀನ್‌ಲೆಂಡಿನಲ್ಲಿ ಹಿಮ ವರ್ಷಕ್ಕೊಂದು ಪದರದ ಹಾಗೆ ಕೂತಿದೆ. ಕೊರೆದು ಉದ್ದದ ಕಂಬದ ಹಾಗೆ ತೆಗೆಯುತ್ತಾರೆ. ಎಲ್ಲೋ ಜ್ವಾಲಾಮುಖಿ ಸಿಡಿದದ್ದೂ ಅದರಲ್ಲಿ ಸಿಗುತ್ತದೆ. ಮೂರೂವರೆ ಸಾವಿರ ವರ್ಷದ ಹಿಂದಿನ ಆ ಮಹಾ ಉತ್ಪಾತದ ಧೂಳು ಮಾತ್ರ ಸಿಗಲಿಲ್ಲ. ನಿನ್ನ ಲೇಖನದಲ್ಲಿ ಈ ಹಿಮದ ಮಾತೇ ಇಲ್ಲ. ಅದನ್ನು ಬಿಟ್ಟು ಬರೆದರೆ ಓದುಗರಿಗೆ ಮೋಸ ಮಾಡಿದ ಹಾಗೆ.

ನಿನಗೆ ಜಾಸ್ತಿ ಹಿಡಿಸಿರುವುದು ಪುರಾಣದ ಭಾಗ ಅಂತ ಗೊತ್ತು. ಎಲ್ಲ ದೇಶದ ಕಥೆಗಳಲ್ಲೂ ಆಕಾಶದಿಂದ ಬೆಂಕಿ ಬೀಳುತ್ತದೆ, ಪ್ರಳಯ ಆಗುತ್ತದೆ, ಅಂದಮೇಲೆ ಹಿಂದಿನವರು ಕಣ್ಣಾರೆ ಕಂಡೇ ಹೇಳಿರಬೇಕು ಅಂತ. ನನಗೂ ಹಾಗೆಯೇ ಅನ್ನಿಸಿತ್ತು, ಲೋಣಾರಿಗೆ ಹೋಗುವವರೆಗೆ.

ಲೋಣಾರ್ ಬುಲ್ಢಾಣಾ ಜಿಲ್ಲೆಯಲ್ಲಿದೆ. ಊರು ಮುಗಿಯುವಲ್ಲಿ ನೆಲವೇ ಮುಗಿದುಹೋಗುತ್ತದೆ. ಉಲ್ಕೆ ಬಿದ್ದು ಆದ, ಸುಮಾರು 1.8 ಕಿಲೋಮೀಟರ್ ಅಗಲದ ದುಂಡನೆಯ ಗುಂಡಿ, ತಳದಲ್ಲಿ ಹಸಿರು ಉಪ್ಪುನೀರಿನ ಕೆರೆ. ಇಳಿಯುತ್ತಾ ಹೋದ ಹಾಗೆ ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ಊರಿನವರು ಕಥೆ ಹೇಳಿದರು. ಲೋಣಾಸುರ ಅನ್ನುವ ರಾಕ್ಷಸ ಇಲ್ಲಿ ನೆಲದೊಳಗೆ ಅಡಗಿದ್ದ. ವಿಷ್ಣು ದೈತ್ಯಸೂದನನಾಗಿ ಬಂದು ಗುಹೆಯ ಮುಚ್ಚಳವನ್ನು ಕಾಲ್ಬೆರಳಿನಲ್ಲಿ ಎಗರಿಸಿ ಅವನನ್ನು ಕೊಂದ. ಕೆರೆಯ ನೀರು ಅವನ ರಕ್ತ, ಉಪ್ಪು ಅವನ ಮಾಂಸ. ದೈತ್ಯಸೂದನನ ಗುಡಿ ಊರಲ್ಲೇ ಇದೆ, ಎಷ್ಟು ಚಂದದ ಕೆತ್ತನೆ!

ನನ್ನ ಎದೆ ಹೊಡೆದುಕೊಂಡಿತು. ಆಕಾಶದಿಂದ ಬಂದವನು, ನೆಲ ಎಗರಿದ್ದು, ರಾಕ್ಷಸ ಸತ್ತದ್ದು. ಉಲ್ಕೆ ಬಿದ್ದದ್ದನ್ನು ಕಂಡವರ ಸಾಕ್ಷಿಯೇ ಇದು ಅಂದುಕೊಂಡೆ. ಅಲ್ಲೇ ಕಲ್ಲಿನ ಮೇಲೆ ಕೂತು ಎರಡು ಪುಟ ಬರೆದೆ.

ಆಮೇಲೆ ವಯಸ್ಸಿನ ಲೆಕ್ಕ ಓದಿದೆ. ಈ ಗುಂಡಿ 52 ಸಾವಿರ ವರ್ಷದ್ದು ಅಂತ ಮೊದಲು ಲೆಕ್ಕ ಹಾಕಿದ್ದರು. ಕಲ್ಲಿನೊಳಗಿನ ಆರ್ಗಾನ್ ಅನಿಲ ನೋಡಿ ವಯಸ್ಸು ಹೇಳುವ ವಿಧಾನದಲ್ಲಿ ಮತ್ತೆ ಅಳೆದಾಗ ಸುಮಾರು 5 ಲಕ್ಷ 70 ಸಾವಿರ ವರ್ಷ ಅಂತ ಬಂತು. ಎರಡರಲ್ಲಿ ಯಾವುದನ್ನೇ ಹಿಡಿ. ಅಷ್ಟು ಕಾಲ ಒಂದು ಕಥೆಯನ್ನು ಬಾಯಿಂದ ಬಾಯಿಗೆ ಯಾರು ತಂದಾರು? ಉಲ್ಕೆ ಬಿದ್ದದ್ದನ್ನು ಯಾರೂ ಕಾಣಬೇಕಾಗಿರಲಿಲ್ಲ. ಗುಂಡಿ ಕಂಡರೆ ಸಾಕಿತ್ತು. ದುಂಡನೆಯ ಗುಂಡಿ, ಕುಡಿಯಲಾಗದ ನೀರು, ವಾಸನೆ, ಇವನ್ನು ದಿನಾ ನೋಡುವ ಜನ ‘ಇಲ್ಲಿ ಏನಾಗಿರಬಹುದು’ ಅಂತ ಕೇಳಿಕೊಂಡು ಉತ್ತರ ಕಟ್ಟಿದರು. ಆ ಎರಡು ಪುಟ ಹರಿದುಹಾಕಿದೆ. ಅಂದಿನಿಂದ ಆ ಕಥೆಯ ಮೇಲೆ ನನಗೆ ಪ್ರೀತಿ ಇನ್ನೂ ಜಾಸ್ತಿಯಾಗಿದೆ, ಯಾಕೆಂದರೆ ಅದನ್ನು ಕಟ್ಟಿದವರ ಬುದ್ಧಿ ಈಗ ಕಾಣುತ್ತದೆ.

ಹಾಗಂತ ದಿಢೀರ್ ಉತ್ಪಾತದಿಂದ ನೆಲ ಬದಲಾಯಿತು ಅಂದವರೆಲ್ಲ ತಪ್ಪು ಅಂತ ಬರೆದುಬಿಡಬೇಡ. ಲೋಣಾರನ್ನೇ ಬಹಳ ಕಾಲ ಜ್ವಾಲಾಮುಖಿಯ ಬಾಯಿ ಅಂದುಕೊಂಡಿದ್ದರು, ಸುತ್ತ ಎಲ್ಲ ಲಾವಾ ಕಲ್ಲೇ ಇರುವಾಗ ಅದು ಸಹಜ. 1973ರಲ್ಲಿ, ಭಾರೀ ಬಡಿತದಿಂದ ಮಾತ್ರ ಆಗುವ ಗಾಜಿನಂಥ ಖನಿಜ ಅಲ್ಲಿ ಸಿಕ್ಕಿದ್ದು ಪ್ರಕಟವಾಯಿತು, ಉಲ್ಕೆಯ ಮಾತೇ ಗೆದ್ದಿತು.

ಅಮೆರಿಕದ ಜೆ ಹಾರ್ಲೆನ್ ಬ್ರೆಟ್ಸ್ ಕಥೆಯನ್ನೂ ನಿನ್ನ ಲೇಖನಕ್ಕೆ ಸೇರಿಸು. ಮೊದಲು ಹೈಸ್ಕೂಲ್ ಮೇಷ್ಟ್ರು, ಆಮೇಲೆ ಭೂವಿಜ್ಞಾನಿ. ವಾಷಿಂಗ್ಟನ್ ರಾಜ್ಯದ ಒಣ ಕಣಿವೆಗಳನ್ನು ಬೇಸಿಗೆ ಬೇಸಿಗೆ ನಡೆದು ನೋಡಿ, ಇದು ಒಂದು ಮಹಾಪ್ರವಾಹ ಕೊರೆದದ್ದು ಅಂತ 1923ರಲ್ಲಿ ಹೇಳಿದರು. ಪ್ರಳಯ ಅಂದರೆ ಭೂವಿಜ್ಞಾನಿಗಳು ಕಿವಿ ಮುಚ್ಚಿಕೊಳ್ಳುತ್ತಿದ್ದ ಕಾಲ. 1927ರಲ್ಲಿ ಸಭೆ ಕರೆದು ದೊಡ್ಡ ದೊಡ್ಡವರೆಲ್ಲ ಸೇರಿ ಅವರನ್ನು ತರಾಟೆಗೆ ತೆಗೆದುಕೊಂಡರು. ಇವರು ಬೈಯಲಿಲ್ಲ, ಅಳಲಿಲ್ಲ, ಮತ್ತೆ ಹೋಗಿ ಜಲ್ಲಿ ಕಲ್ಲು ನೋಡಿದರು. ಹಿಮಗಡ್ಡೆಯ ಅಣೆಕಟ್ಟು ಒಡೆದು ನುಗ್ಗಿದ ನೀರು ಅದು ಅಂತ ಕೊನೆಗೆ ಗೊತ್ತಾಯಿತು. 1965ರಲ್ಲಿ ಅಲ್ಲಿಗೆ ಹೋಗಿ ನೋಡಿದ ವಿಜ್ಞಾನಿಗಳು ‘ಈಗ ನಾವೆಲ್ಲರೂ ಉತ್ಪಾತವಾದಿಗಳೇ’ ಅಂತ ಅವರಿಗೆ ತಂತಿ ಕಳಿಸಿದರು. ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್ರೋಸ್ ಪದಕ ಬಂದದ್ದು 1979ರಲ್ಲಿ, ವಯಸ್ಸು ತೊಂಬತ್ತೈದು ದಾಟಿತ್ತು. ವೆಲಿಕೋವ್‌ಸ್ಕಿಯೂ ಪೆಟ್ಟು ತಿಂದರು, ಬ್ರೆಟ್ಸ್ ಕೂಡ ತಿಂದರು. ಒಬ್ಬರ ಮಾತನ್ನು ನೆಲ ಒಪ್ಪಿತು, ಇನ್ನೊಬ್ಬರದ್ದನ್ನು ಒಪ್ಪಲಿಲ್ಲ. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಬರೆದರೆ ನಿನ್ನ ಲೇಖನಕ್ಕೆ ಬೇರೆಯೇ ತೂಕ ಬರುತ್ತದೆ.

ನಮ್ಮ ಪುಣೆಯಲ್ಲೇ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಇದ್ದರು. ವಿಶ್ವ ಮಹಾಸ್ಫೋಟದಿಂದ ಹುಟ್ಟಿತು ಅನ್ನುವುದನ್ನು ಅವರು ಕಡೆಯವರೆಗೂ ಒಪ್ಪಲಿಲ್ಲ. ಅವರ ಜೊತೆ ನಿಂತವರು ಕಡಿಮೆ. ಆದರೂ ಅವರು ಯಾವತ್ತೂ ‘ನನ್ನನ್ನು ತುಳಿದರು’ ಅಂತ ಅದನ್ನೇ ವಾದ ಮಾಡಲಿಲ್ಲ. ಲೆಕ್ಕ ಬರೆದರು, ಪತ್ರಿಕೆಗೆ ಕಳಿಸಿದರು, ತಪ್ಪು ತೋರಿಸಿ ಅಂದರು. ಮಕ್ಕಳು ಆಟೋಗ್ರಾಫ್ ಕೇಳಿದರೆ, ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸು, ಸಹಿ ಹಾಕಿ ಉತ್ತರ ಕೊಡುತ್ತೇನೆ ಅನ್ನುತ್ತಿದ್ದರು. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಒಂಟಿಯಾಗಿ ನಿಂತವರ ಬಗ್ಗೆ ಬರೆಯುವ ಆಸೆ ನಿನಗಿದ್ದರೆ ಅವರ ಬಗ್ಗೆಯೂ ಒಂದು ಲೇಖನ ಬರೆಯಬೇಕು. ಅದನ್ನು ನಿನ್ನಿಂದ ಓದುವ ಆಸೆ ನನಗಿದೆ.

ಮೂರನೇ ಪುಟವನ್ನು ಹೊಸದಾಗಿ ಬರೆ. ‘ವಿಜ್ಞಾನಿಗಳು ಮುಚ್ಚಿಟ್ಟರು’ ಅನ್ನುವ ಕಡೆ ಯಾವ ವಿಜ್ಞಾನಿ, ಯಾವ ವರ್ಷ, ಏನು ಮಾಡಿದರು ಅಂತ ಹಾಕು. ಹಾಕಲು ಆಗದಿದ್ದರೆ ಸಾಲು ಹೊಡೆದುಹಾಕು. ‘ಕೆಲವರು ಸರಿ ಅನ್ನುತ್ತಾರೆ, ಕೆಲವರು ತಪ್ಪು ಅನ್ನುತ್ತಾರೆ’ ಅಂತ ಅಡ್ಡಗೋಡೆ ಮೇಲೆ ದೀಪ ಇಡಬೇಡ. ಕತ್ತಲೆ ಎರಡೂ ಕಡೆ ಉಳಿಯುತ್ತದೆ. ಬೇಜಾರಾಗಿ ಪೆನ್ನು ಕೆಳಗಿಡಬೇಡ, ಅದೊಂದು ಮಾತ್ರ ಬೇಡ. ಅನ್ಯಾಯ ಕಂಡರೆ ನಿನಗೆ ಸಿಟ್ಟು ಬರುತ್ತದೆ, ಅದು ಬರವಣಿಗೆಗೆ ಬೇಕೇ ಬೇಕು.

ಮಳೆ ನಿಂತ ಮೇಲೆ ಪುಣೆಗೆ ಬಾ, ಅಪ್ಪನನ್ನೂ ಕರೆದುಕೊಂಡು ಬಾ. ಮೂರು ಜನ ಸೇರಿ ಲೋಣಾರಿಗೆ ಹೋಗೋಣ. ದಂಡೆಯ ಮೇಲೆ ಒಂದು ಜಾಗ ಇದೆ. ನಮ್ಮ ಘಟ್ಟದಲ್ಲೆಲ್ಲ ಚಪಾತಿ ಪೇರಿಸಿಟ್ಟ ಹಾಗೆ ಮಟ್ಟಸವಾಗಿ ಮಲಗಿರುವ ಕಪ್ಪು ಕಲ್ಲಿನ ಪದರ, ಅಲ್ಲಿ ಮಾತ್ರ ಹೊರಗಡೆಗೆ ವಾಲಿಕೊಂಡಿದೆ. ಕೆಳಗಿನಿಂದ ಯಾರೋ ಎತ್ತಿ ತಿರುವಿದ ಹಾಗೆ. ಅದರ ಮೇಲೆ ನೀನು ಕೈಯಿಟ್ಟು ನೋಡಬೇಕು. ಗಟ್ಟಿ ಬೂಟು ಹಾಕಿಕೊಂಡು ಬಾ, ಜಲ್ಲಿ ಜಾರುತ್ತದೆ. ನೋಟ್‌ಬುಕ್ ಮರೆಯಬೇಡ.

ನಿನ್ನ,
ಮೇಷ್ಟ್ರು