12 ತಂತಿಯ ಗಿಟಾರಿನ ನಟ್ ಮತ್ತು ಬ್ರಿಜ್ ದೋಷದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಐದು ತಿಂಗಳ ಹಿಂದೆ ನಿಮ್ಮ ಕಂಪನಿಯಿಂದ ಕೊಂಡ 12 ತಂತಿಯ ಅಕೂಸ್ಟಿಕ್ ಗಿಟಾರಿನ ಬಗ್ಗೆ ನಾನು ಬರೆದ ದೂರಿಗೆ, "12 ತಂತಿ ಎಂದ ಮೇಲೆ ಶ್ರುತಿ ಅಷ್ಟಿಷ್ಟು ತಪ್ಪುವುದು ಸಹಜ" ಎಂಬ ಒಂದೇ ಸಾಲಿನ ಉತ್ತರ ಬಂದಿದೆ. ಅದನ್ನು ನಾನು ಒಪ್ಪುವುದಿಲ್ಲ.

ಈ ವಾದ್ಯದ ಕಷ್ಟಗಳು ನನಗೆ ಹೊಸವಲ್ಲ. ಆರು ಜೋಡಿಗಳಲ್ಲಿ ಮಂದ್ರದ ನಾಲ್ಕಕ್ಕೆ ಒಂದು ಸ್ಥಾಯಿ ಮೇಲಿನ ಜೊತೆತಂತಿ, ಉಳಿದೆರಡಕ್ಕೆ ಅದೇ ಸ್ವರದ ಜೊತೆತಂತಿ ಇರುವುದರಿಂದ ಶ್ರುತಿ ಸೇರಿಸಲು ತಾಳ್ಮೆ ಬೇಕು. ಜೋಡಿಯ ಎರಡೂ ತಂತಿಗಳನ್ನು ಸಮನಾಗಿ ಒತ್ತಲು ಕಲಿಯುವವರೆಗೆ ಬೆರಳು ನೋಯುತ್ತದೆ. ಇಡೀ ಗಿಟಾರಿನಲ್ಲೇ ಅತಿ ಎತ್ತರದ ಸ್ವರ ಹೊತ್ತ ಮೂರನೆಯ ಜೋಡಿಯ ಆ ಕೂದಲೆಳೆಯಂಥ ತೆಳು ಜಿ ತಂತಿ ಪದೇ ಪದೇ ತುಂಡಾಗುತ್ತದೆ. ಇವನ್ನೆಲ್ಲ ಸಂತೋಷದಿಂದಲೇ ಸಹಿಸಿದ್ದೇನೆ. ಏಕೆಂದರೆ ಕೈಯನ್ನು ಒಮ್ಮೆ ಕೆಳಮುಖವಾಗಿ ಬೀಸಿದರೆ ತೆಳು ತಂತಿಗಳು ಒಂದು ಚೂರು ಮುಂಚೆ ಮಿಡಿದು, ಅವುಗಳ ಬೆನ್ನಿಗೇ ದಪ್ಪ ತಂತಿಗಳ ನಾದ ಸೇರಿ, ಇಬ್ಬರು ಕೂತು ನುಡಿಸಿದಂತೆ ಕೋಣೆ ತುಂಬುತ್ತದೆ. ಜೋಡಿಯ ನಡುವೆ ಉಳಿಯುವ ಅತಿಸೂಕ್ಷ್ಮ ಅಂತರವೇ ಆ ಮಿನುಗಿಗೆ ಕಾರಣವೆಂಬುದೂ ನನಗೆ ಗೊತ್ತು.

ನನ್ನ ದೂರು ಬೇರೆಯದು. ತಂತಿಗಳನ್ನು ಒತ್ತದೆ ನುಡಿಸಿದಾಗ ಎಲ್ಲ ಜೋಡಿಗಳೂ ಶ್ರುತಿಶುದ್ಧವಾಗಿವೆ. ಕತ್ತಿನ ಮೇಲಿನ ಅಡ್ಡಪಟ್ಟಿಗಳಲ್ಲಿ ಮೊದಲನೆಯದಾದ ಮೊದಲ ಫ್ರೆಟ್‌ನಲ್ಲಿ ಒತ್ತಿದ ಕೂಡಲೇ ನಾಲ್ಕನೆಯ ಮತ್ತು ಐದನೆಯ ಜೋಡಿಗಳ ದಪ್ಪ ತಂತಿಯ ಸ್ವರ ಏರಿ, ಜೊತೆತಂತಿಯೊಡನೆ ಕಿವಿಗೆ ಚುಚ್ಚುವಷ್ಟು ಅಪಸ್ವರವಾಗುತ್ತದೆ. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಲ್ಲಿ ಈ ತಂತಿಗಳಿಗೆ ಕೊರೆದ ಕಚ್ಚುಗಳು ಸಾಕಷ್ಟು ಆಳವಿಲ್ಲದ ಕಾರಣ, ಒತ್ತುವಾಗ ತಂತಿ ಬೇಕಾದ್ದಕ್ಕಿಂತ ಹೆಚ್ಚು ಜಗ್ಗುತ್ತದೆ. ಎರಡನೆಯ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ ಶ್ರುತಿ ಸೇರಿಸಿಕೊಂಡರೆ ಇದೇ ಜೋಡಿಗಳು ಮುಂದಿನ ಫ್ರೆಟ್‌ಗಳಲ್ಲಿ ಸರಿಯಾಗಿ ನುಡಿಯುತ್ತವೆ. ನಟ್ ಪಾತ್ರವಹಿಸದ ಕಡೆ ದೋಷವೂ ಇಲ್ಲವೆಂದರೆ ತಪ್ಪು ಎಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಂತಿಗಳ ಇನ್ನೊಂದು ತುದಿಯನ್ನು ಹಿಡಿದಿರುವ, ಗಿಟಾರಿನ ಒಡಲಿಗೆ ಅಂಟಿಸಿದ ಬ್ರಿಜ್‌ನ ಹಿಂಬದಿಯೂ ಕಾಗದ ತೂರುವಷ್ಟು ಎದ್ದಿದೆ. ತಂತಿಗಳನ್ನು ಅತಿಯಾಗಿ ಬಿಗಿದದ್ದೇ ಕಾರಣವೆಂದು ನಿಮ್ಮ ತಂತ್ರಜ್ಞರು ಫೋನಿನಲ್ಲಿ ಹೇಳಿದರು. ವಾದ್ಯವನ್ನು ಅವರು ನೋಡಿಯೇ ಇರಲಿಲ್ಲ. ಇಷ್ಟು ತಂತಿಗಳ ಎಳೆತ ಮರಕ್ಕೆ ಭಾರವಾದೀತೆಂದು ಮೊದಲ ದಿನದಿಂದಲೂ ನಾನು ಶ್ರುತಿಯನ್ನು ಎರಡು ಫ್ರೆಟ್‌ಗಳಷ್ಟು ಕೆಳಗಿಟ್ಟು, ಹೆಚ್ಚಾಗಿ ಕೇಪೋ ಹಾಕಿಯೇ ನುಡಿಸುತ್ತ ಬಂದಿದ್ದೇನೆ. ತಂತ್ರಜ್ಞರ ಆ ಮಾತು ನನಗೆ ನಿಜಕ್ಕೂ ನೋವುಂಟುಮಾಡಿತು.

ಆದ್ದರಿಂದ, ಈ ಬಗೆಯ ಗಿಟಾರಿನ ಕೆಲಸ ಬಲ್ಲವರಿಂದ ವಾರಂಟಿಯಡಿ ಹೊಸ ನಟ್ ಹಾಕಿಸಿ, ಬ್ರಿಜ್ ಬಿಡಿಸಿ ಮತ್ತೆ ಅಂಟಿಸಿಕೊಡಬೇಕೆಂದೂ, 15 ದಿನಗಳೊಳಗೆ ಇದು ಸಾಧ್ಯವಾಗದಿದ್ದರೆ ವಾದ್ಯವನ್ನು ಬದಲಿಸಿಕೊಡಬೇಕೆಂದೂ ಕೋರುತ್ತೇನೆ. ಛಾಯಾಚಿತ್ರಗಳನ್ನೂ ಪ್ರತಿ ಜೋಡಿಯ ಧ್ವನಿಮುದ್ರಣವನ್ನೂ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ