ಸಟನ್ ಹೂ ಎಂಬ ಜಾಗದ ಮಣ್ಣಲ್ಲಿ ಸಿಕ್ಕಿದ್ದು

ಪ್ರೀತಿಯ ಮಂಜು,

ರೋಮನ್ನರು ಹೋದಮೇಲೆ ಇಂಗ್ಲೆಂಡಿನಲ್ಲಿ ನೂರಾರು ವರ್ಷ ಬರೀ ಕತ್ತಲು, ಕಾದಾಟ ಅಂತ ಬರೆದಿದ್ದೀಯಲ್ಲ, ಅದನ್ನು ಒಪ್ಪೋಕೆ ನನಗೆ ಮನಸ್ಸಿಲ್ಲ. ರೋಮನ್ನರ ನಂತರ ಅಲ್ಲಿ ನೆಲೆಸಿದ ಆಂಗ್ಲೋ-ಸ್ಯಾಕ್ಸನ್ನರು ಮೊದಮೊದಲು ಬರೆದಿಟ್ಟದ್ದು ತೀರಾ ಕಮ್ಮಿ, ನಿಜ. ಆದರೆ ಹೂತಿಟ್ಟದ್ದು ಬೇಕಾದಷ್ಟಿದೆ.

ಇಂಗ್ಲೆಂಡಿನ ಪೂರ್ವಕ್ಕಿರೋ ಸಫೋಕ್‌ನ ಸಟನ್ ಹೂ ಎಂಬ ಜಾಗ ನೋಡು. ಅಲ್ಲಿ ಈಡಿತ್ ಪ್ರೆಟಿ ಎಂಬಾಕೆ ತಮ್ಮ ಜಮೀನಿನ ದಿಬ್ಬಗಳನ್ನು ಬೇಸಿಲ್ ಬ್ರೌನ್ ಅವರಿಂದ ಅಗೆಸಿದರು. ಬ್ರೌನ್ ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು, ತಾವೇ ಓದಿ ಕಲಿತವರು. 1939ರಲ್ಲಿ ಅವರಿಗೆ ಸುಮಾರು 27 ಮೀಟರ್ ಉದ್ದದ ಹಡಗು ಸಿಕ್ಕಿತು. ಹಡಗಲ್ಲ, ಅದರ ಅಚ್ಚು. ಮರವೆಲ್ಲ ಮಣ್ಣಲ್ಲಿ ಕರಗಿಹೋಗಿತ್ತು. ಮರಳಲ್ಲಿ ಹಲಗೆಗಳ ಗುರುತು, ಸಾಲುಸಾಲಾಗಿ ತುಕ್ಕು ಹಿಡಿದ ಮೊಳೆಗಳು, ಅಷ್ಟೇ. ಮೊಳೆಗಳನ್ನು ಇದ್ದಲ್ಲೇ ಬಿಟ್ಟು ಸುತ್ತಲಿನ ಮರಳನ್ನು ಮಾತ್ರ ತೆಗೆಯುತ್ತಾ ಹೋದರಂತೆ. ಎಂಥಾ ತಾಳ್ಮೆ!

ಆ ಹಡಗೇ ಒಂದು ಸಮಾಧಿ. ಏಳನೇ ಶತಮಾನದ ಆ ಸಮಾಧಿ ಈಸ್ಟ್ ಆಂಗ್ಲಿಯಾದ ರಾಜ ರೆಡ್ವಾಲ್ಡ್‌ನದು ಅಂತ ತುಂಬಾ ಜನ ನಂಬುತ್ತಾರೆ. ಒಳಗೆ ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಂನ ಬೆಳ್ಳಿ ತಟ್ಟೆ, ಈಗಿನ ಫ್ರಾನ್ಸ್ ಕಡೆಯ ಫ್ರಾಂಕರ ಚಿನ್ನದ ನಾಣ್ಯ. ನನ್ನ ಕಣ್ಣು ನೆಟ್ಟದ್ದು ಭುಜಕ್ಕೆ ಹಾಕೋ ಚಿನ್ನದ ಕೊಂಡಿಗಳ ಮೇಲೆ. ತುದಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡ ಎರಡು ಕಾಡುಹಂದಿ. ಮೈತುಂಬಾ ತೆಳ್ಳಗೆ ಸೀಳಿದ ಕೆಂಪು ಗಾರ್ನೆಟ್ ಕಲ್ಲು. ಕಲ್ಲಿನ ಅಡಿಗೆ ಗೆರೆ ಒತ್ತಿದ ಚಿನ್ನದ ಹಾಳೆ, ಬೆಳಕು ಬಿದ್ದರೆ ಒಳಗಿಂದಲೇ ಹೊಳೆಯಲಿ ಅಂತ. ಆ ಕಾಲದಲ್ಲಿ ಇಂಗ್ಲೆಂಡಿಗೆ ಹೋದ ಗಾರ್ನೆಟ್‌ಗಳಲ್ಲಿ ಕೆಲವು ನಮ್ಮ ಭಾರತ, ಶ್ರೀಲಂಕಾ ಕಡೆಯವು! ಕತ್ತಲ ಯುಗದ ಅಕ್ಕಸಾಲಿಗನ ಕೈಗೆ ಅವು ಹೇಗೆ ಬಂದವು ಹೇಳು? ಊರಿಂದೂರಿಗೆ, ಕೈಯಿಂದ ಕೈಗೆ ವ್ಯಾಪಾರ ನಡೆದೇ ಇತ್ತು.

ರಾಜರ ಮಾತು ಬಿಡು. ಕೆಂಟ್‌ನ ಅಪ್‌ಡೌನ್ ಎಂಬಲ್ಲಿ ಹತ್ತು-ಹನ್ನೊಂದು ವರ್ಷದ ಹುಡುಗಿಯೊಬ್ಬಳ ಸಮಾಧಿ ಸಿಕ್ಕಿದೆ. ಅದೂ ಏಳನೇ ಶತಮಾನದ್ದೇ. ಜೊತೆಗೆ ಒಂದು ಮಡಕೆ, ಚಾಕು, ಚಮಚ, ಮೂಳೆಯ ಬಾಚಣಿಗೆ ಇಟ್ಟಿದ್ದರು. ಅಕ್ಕಪಕ್ಕದ ಸಮಾಧಿಗಳಿಗಿಂತ ಏನೂ ಬೇರೆ ಇಲ್ಲ. 2022ರಲ್ಲಿ ಡಿಎನ್‌ಎ ಫಲಿತಾಂಶ ಹೊರಬಂದಾಗ ಗೊತ್ತಾಯಿತು, ಅವಳ ಪೂರ್ವಿಕರಲ್ಲಿ ಸುಮಾರು ಮೂರನೇ ಒಂದು ಪಾಲು ಪಶ್ಚಿಮ ಆಫ್ರಿಕಾದವರು. ಅದೇ ಸ್ಮಶಾನದಲ್ಲಿ ಅವಳ ಸಂಬಂಧಿಕರೂ ಇದ್ದಾರೆ, ಅವರು ಉತ್ತರ ಯುರೋಪಿನ ಮೂಲದವರು. ಅಂದರೆ ಅವಳು ಹೊರಗಿನವಳಲ್ಲ, ಆ ಮನೆಯ ಮಗುವೇ. ಯಾವ ಪುರೋಹಿತನೂ ಇವಳ ಬಗ್ಗೆ ಒಂದು ಸಾಲು ಬರೆದಿಡಲಿಲ್ಲ. ಬಾಚಣಿಗೆ ಇಟ್ಟವರು ಮಾತ್ರ ಅವಳನ್ನು ಪ್ರೀತಿಸಿದ್ದರು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನೀನು ಲಂಡನ್ನಿನಲ್ಲೇ ಇದ್ದೀಯ. ಸಟನ್ ಹೂನಲ್ಲಿ ಸಿಕ್ಕಿದ್ದು ಇರೋ ಬ್ರಿಟಿಷ್ ಮ್ಯೂಸಿಯಂನ 41ನೇ ಕೋಣೆಗೆ ಹೋಗು, ದುಡ್ಡು ಕೊಡಬೇಕಿಲ್ಲ. ಎಲ್ಲರೂ ಆ ಹಡಗಿನ ಸಮಾಧಿಯಲ್ಲೇ ಸಿಕ್ಕ ಹೆಲ್ಮೆಟ್ ನೋಡಿ ಬರ್ತಾರೆ. ನೀನು ಆ ಕೊಂಡಿಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲು, ಆಮೇಲೆ ನನಗೆ ಬರಿ. ಜಗಳ ಮುಂದುವರಿಸೋಣ.

ನಿನ್ನ,
ರಘು