ಪಕ್ಕದ ಸೀಟಿನವರಿಗೆ ಒಂದು ಥ್ಯಾಂಕ್ಸ್

ನಿಮ್ಮ ಹೆಸರು ಕೇಳಲಿಲ್ಲ. ಕತ್ತಲಲ್ಲಿ ಮುಖವೂ ಸರಿಯಾಗಿ ಕಾಣಲಿಲ್ಲ. ಆದರೂ ಥ್ಯಾಂಕ್ಸ್ ಹೇಳಲೇಬೇಕು.

1939ರ ‘ದಿ ವಿಝರ್ಡ್ ಆಫ್ ಓಝ್’ ಬಣ್ಣದ ಸಿನಿಮಾ ಅಂತ ಕೇಳಿ ಬಂದಿದ್ದೆ. ನೋಡಿದರೆ ತೆರೆ ತುಂಬ ಮಾಸಲು ಕಂದು. ಪ್ರಿಂಟೇ ಕೆಟ್ಟಿದೆ ಅಂದುಕೊಂಡು ಎದ್ದೆ. ‘ಅವಳು ಬಾಗಿಲು ತೆಗೆಯೋವರೆಗೆ ಕೂತಿರಿ’ ಅಂದಿರಿ. ಕೂತೆ, ಸ್ವಲ್ಪ ಸಿಟ್ಟಿನಿಂದಲೇ.

ಸುಂಟರಗಾಳಿ ಮನೆಯನ್ನು ಎತ್ತಿ ಒಗೆಯಿತು. ಕತೆಯ ಹುಡುಗಿ ಡೊರೊತಿ ಬಾಗಿಲು ತೆಗೆದಳು. ಆಚೆ ಹಸಿರು, ಹಳದಿ, ಕೆಂಪು! ನನಗೆ ಮಾತೇ ಹೊರಡಲಿಲ್ಲ. ನೀವು ಪಿಸುಗುಟ್ಟಿದಿರಿ: ಆ ಕೋಣೆಗೇ ಕಂದು ಬಣ್ಣ ಬಳಿದಿದ್ದರಂತೆ. ಬಾಗಿಲು ತೆಗೆದದ್ದು ಕಂದು ಬಟ್ಟೆ ತೊಟ್ಟ ಬದಲಿ ನಟಿ. ಡೊರೊತಿ ಪಾತ್ರದ ಜೂಡಿ ಗಾರ್ಲೆಂಡ್ ನೀಲಿ ಫ್ರಾಕಿನಲ್ಲಿ ಕಾಣಿಸಿಕೊಂಡದ್ದು ಆಮೇಲೆ. ಕಂಪ್ಯೂಟರ್ ಇಲ್ಲದ ಕಾಲದ ಕೈಚಳಕ ಅಲ್ವಾ! ಮೂಲ ಕಾದಂಬರಿಯಲ್ಲಿದ್ದ ಡೊರೊತಿಯ ಬೆಳ್ಳಿ ಶೂಗಳು ಸಿನಿಮಾದಲ್ಲಿ ಕೆಂಪಾದ ಕತೆಯನ್ನೂ ಹೇಳಿದಿರಿ. (ಸಿನಿಮಾ ನಡುವೆ ಮಾತಾಡುವವರನ್ನು ಕಂಡರೆ ನನಗಾಗದು. ನಿಮಗೆ ಮಾತ್ರ ಮಾಫಿ.)

ದೀಪ ಹತ್ತಿದಾಗ ನೀವು ಹೊರಟೇಬಿಟ್ಟಿದ್ದಿರಿ. ಆಮೇಲೆ ನಾಲ್ಕು ಸಲ ನೋಡಿದ್ದೇನೆ. ಈಗ ಆ ಕಂದು ಭಾಗವೇ ಜಾಸ್ತಿ ಇಷ್ಟ. ಮಳೆಬಿಲ್ಲಿನ ಹಾಡು ಬರುವುದು ಅಲ್ಲೇ, ಬಣ್ಣವೇ ಇಲ್ಲದ ಕಡೆ.